ಯೆರೆಮೀಯನ ಗ್ರಂಥದ ಎರಡು ಪಾಠಗಳಲ್ಲಿ ಮೂಲ ಯಾವುದು?

ಹಳೆಹಾಳೆ:

ಎಲ್ಲರಿಗೂ ನಮಸ್ಕಾರ. ಹಳೆಯ ಒಡಂಬಡಿಕೆಯ ಪ್ರವಾದಿ ಗ್ರಂಥಗಳನ್ನು ಒಂದಾದ ಮೇಲೊಂದರಂತೆ ಓದುತ್ತಿದ್ದೇನೆ. ಯೆಶಾಯನನ್ನು ಮುಗಿಸಿ ಯೆರೆಮೀಯನಿಗೆ ಬಂದ ಮೇಲೆ ಓದು ತೊಡಕಾಗಿದೆ. 21ನೆಯ ಅಧ್ಯಾಯದಲ್ಲಿ ಯೆಹೂದದ ಕಟ್ಟಕಡೆಯ ಅರಸನಾದ ಚಿದ್ಕೀಯನು ಬಾಬಿಲೋನಿನವರ ಮುತ್ತಿಗೆಗೆ ಹೆದರಿ ಪ್ರವಾದಿಯ ಬಳಿಗೆ ಜನರನ್ನು ಕಳುಹಿಸುತ್ತಾನೆ. 25ಕ್ಕೆ ಬಂದರೆ ಅವನಿಗಿಂತ ಮೊದಲು ಆಳಿದ ಯೆಹೋಯಾಕೀಮನ ನಾಲ್ಕನೆಯ ವರ್ಷ. 26ರಲ್ಲಿ ಅದೇ ಯೆಹೋಯಾಕೀಮನ ಆಳ್ವಿಕೆಯ ಆರಂಭ. 28ರಲ್ಲಿ ಮತ್ತೆ ಚಿದ್ಕೀಯ. 35 ಮತ್ತು 36ರಲ್ಲಿ ಮರಳಿ ಯೆಹೋಯಾಕೀಮ. ಅರಸರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಮುಂದೆ ಸಾಗುವಂತಿಲ್ಲ.

ಇದರ ಕಾರಣವನ್ನು ಹುಡುಕುತ್ತಾ ಹೋದಾಗ, ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಾಜಿಂಟಿನಲ್ಲಿ ಈ ಗ್ರಂಥವು ಹೀಬ್ರೂ ಪಾಠಕ್ಕಿಂತ, ಅಂದರೆ ಹೀಬ್ರೂವಿನಲ್ಲಿ ಉಳಿದುಬಂದ ರೂಪಕ್ಕಿಂತ, ಸುಮಾರು ಎಂಟನೆಯ ಒಂದು ಭಾಗದಷ್ಟು ಚಿಕ್ಕದಾಗಿದೆ ಮತ್ತು ಅಧ್ಯಾಯಗಳ ಜೋಡಣೆಯೂ ಬೇರೆಯಾಗಿದೆ ಎಂದು ತಿಳಿಯಿತು. ಹಾಗಾದರೆ ಚಿಕ್ಕದಾಗಿರುವುದೇ ಪ್ರವಾದಿಯ ನಿಜವಾದ ಮಾತು, ಹೆಚ್ಚಾಗಿರುವುದೆಲ್ಲ ಪ್ರಕ್ಷಿಪ್ತ ಎಂದು ತೀರ್ಮಾನಿಸಿ, ಆ ಭಾಗಗಳನ್ನು ಬಿಟ್ಟು ಓದಬಹುದೇ? ಬಲ್ಲವರು ತಿಳಿಸಬೇಕು.

ಕಡಲತಡಿಯ ಓದುಗ:

ಬಿಟ್ಟು ಓದಲು ಯಾರ ಅಪ್ಪಣೆ ಬೇಕು? ಓದುವವರು ನೀವು. ಆದರೆ ನಮ್ಮ ಸಭೆಯಲ್ಲಿ ಯಾರಿಗೂ ಇಂತಹ ತೊಡಕು ಎದುರಾಗಿಲ್ಲ, ಏಕೆಂದರೆ ಭಾನುವಾರಕ್ಕೆ ಗೊತ್ತುಮಾಡಿದ ಭಾಗವನ್ನಷ್ಟೇ ಓದುವಾಗ ಹಿಂದಿನ ಅಧ್ಯಾಯದಲ್ಲಿ ಯಾವ ಅರಸನಿದ್ದನೆಂದು ಕೇಳುವವರಿರುವುದಿಲ್ಲ. ಕನ್ನಡ ಬೈಬಲು ಹೀಬ್ರೂ ಪಾಠದ ಕ್ರಮವನ್ನೇ ಅನುಸರಿಸುತ್ತದೆ. ಶತಮಾನಗಳಿಂದ ಜನ ಅದನ್ನೇ ಓದಿ ಸಮಾಧಾನ ಪಡೆದಿರುವಾಗ ಕತ್ತರಿ ಹಿಡಿದು ಕೂರುವುದೇಕೆ ಎಂಬುದು ನನ್ನ ಪ್ರಶ್ನೆ.

ಶಾಸನಪ್ರಿಯ:

ಕಡಲತಡಿಯವರೇ, ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದಲ್ಲಿ ಹಲವು ಸಭೆಗಳಲ್ಲಿ ಓದುವ 33ನೆಯ ಅಧ್ಯಾಯದ ಭಾಗ, ಅಂದರೆ ದಾವೀದನ ವಂಶದಲ್ಲಿ ನೀತಿಯ ಮೊಳಕೆಯೊಂದನ್ನು ಚಿಗುರಿಸುವೆನೆಂಬ ವಾಗ್ದಾನ, ಗ್ರೀಕ್ ಪಾಠದಲ್ಲಿ ಇಲ್ಲವೇ ಇಲ್ಲ. 14ರಿಂದ 26ರವರೆಗಿನ ಹದಿಮೂರು ವಚನಗಳೂ ಅಲ್ಲಿಲ್ಲ. ಕತ್ತರಿ ಹಿಡಿದರೆ ಮೊದಲು ಬೀಳುವುದು ಅದೇ.

ನಿವೃತ್ತ ಉಪನ್ಯಾಸಕ:

ಪ್ರಶ್ನೆ ಚೆನ್ನಾಗಿದೆ, ಆದರೆ ಉತ್ತರಕ್ಕೆ ಅವಸರಪಡಬಾರದು. ವ್ಯತ್ಯಾಸಗಳ ಸ್ವರೂಪ ಎಂಥದ್ದೆಂದು ಮೊದಲು ನೋಡೋಣ. ಈಜಿಪ್ಟ್, ಫಿಲಿಷ್ಟಿಯ, ಮೋವಾಬ್, ಬಾಬಿಲೋನ್ ಮೊದಲಾದ ಅನ್ಯರಾಷ್ಟ್ರಗಳ ಕುರಿತ ಪ್ರವಾದನೆಗಳು ಹೀಬ್ರೂ ಪಾಠದಲ್ಲಿ 46ರಿಂದ 51ರವರೆಗೆ, ಗ್ರಂಥದ ಕೊನೆಯ ಹತ್ತಿರ ಬರುತ್ತವೆ. ಗ್ರೀಕ್ ಪಾಠದಲ್ಲಿ ಅವು 25ನೆಯ ಅಧ್ಯಾಯದ 13ನೆಯ ವಚನವಾದ ಕೂಡಲೇ ನಟ್ಟನಡುವೆ ಬರುತ್ತವೆ. ಅಲ್ಲಿಯೂ ರಾಷ್ಟ್ರಗಳ ಅನುಕ್ರಮ ಬೇರೆಯೇ. ಇನ್ನುಳಿದ ವ್ಯತ್ಯಾಸಗಳಲ್ಲಿ ಬಹುಪಾಲು ತೀರ ಸಣ್ಣವು. ಗ್ರೀಕಿನಲ್ಲಿ ಬರಿಯ ಹೆಸರಿದ್ದಲ್ಲಿ ಹೀಬ್ರೂವಿನಲ್ಲಿ ತಂದೆಯ ಹೆಸರೂ ಪದವಿಯೂ ಸೇರಿರುತ್ತವೆ, ‘ಯೆಹೋವನು ಇಂತೆನ್ನುತ್ತಾನೆ’ ಎಂಬ ಮಾತು ಒಮ್ಮೆ ಬರುವಲ್ಲಿ ಎರಡು ಸಲ ಬರುತ್ತದೆ.

ಬಹುಕಾಲ ವಿದ್ವಾಂಸರಲ್ಲಿ ಅನೇಕರು ಗ್ರೀಕ್ ಅನುವಾದಕನೇ ಬೇಸತ್ತು ಸಂಕ್ಷೇಪಿಸಿದನೆಂದು ಹೇಳುತ್ತಿದ್ದರು. ಗ್ರೀಕರಲ್ಲೂ ಲ್ಯಾಟಿನರಲ್ಲೂ ಕಲಸಿಹೋಗಿದ್ದ ಕ್ರಮವನ್ನು ತಾನು ಹೀಬ್ರೂ ಮೂಲದಂತೆ ಸರಿಪಡಿಸಿದೆನೆಂದು ಜೆರೋಮನು ತನ್ನ ಲ್ಯಾಟಿನ್ ಅನುವಾದದ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. 1952ರಲ್ಲಿ ಮೃತಸಮುದ್ರದ ದಡದ ಕುಮ್ರಾನಿನ ನಾಲ್ಕನೆಯ ಗುಹೆ ಪತ್ತೆಯಾಯಿತು. ಅಲ್ಲಿ ಸಿಕ್ಕ ಯೆರೆಮೀಯನ ತುಣುಕುಗಳು ಈ ವಾದದ ಬುಡವನ್ನೇ ಅಲುಗಿಸಿದವು. ಒಂದು ತುಣುಕಿನಲ್ಲಿ 10ನೆಯ ಅಧ್ಯಾಯವು ಗ್ರೀಕಿನಲ್ಲಿ ಹೇಗಿದೆಯೋ ಹಾಗೆಯೇ, ಅಂದರೆ 6ರಿಂದ 8ರವರೆಗಿನ ವಚನಗಳೂ 10ನೆಯ ವಚನವೂ ಇಲ್ಲದೆ, ಹೀಬ್ರೂ ಭಾಷೆಯಲ್ಲೇ ಇದೆ. ಎಂದ ಮೇಲೆ ಚಿಕ್ಕ ಪಾಠವು ಅನುವಾದಕನ ಸೋಮಾರಿತನದ ಫಲವಲ್ಲ. ಅಂಥದೊಂದು ಹೀಬ್ರೂ ಪ್ರತಿ ಅವನ ಮುಂದೆ ಇದ್ದಿರಬೇಕು.

ಬೆಂಕಿಕಡ್ಡಿ:

ಹಾಗಾದರೆ ಚರ್ಚೆ ಮುಗಿಯಿತು. ಚಿಕ್ಕದೇ ಹಳೆಯದು, ದೊಡ್ಡದು ಬಳಿಕ ಉಬ್ಬಿಸಿದ್ದು. ಹಳೆಹಾಳೆಯವರು ನಿಶ್ಚಿಂತೆಯಿಂದ ಕತ್ತರಿ ಹಿಡಿಯಬಹುದು.

ನಿವೃತ್ತ ಉಪನ್ಯಾಸಕ:

ಮುಗಿಯಲಿಲ್ಲ ಸ್ವಾಮಿ. ಅದೇ ಗುಹೆಯಲ್ಲಿ ದೊಡ್ಡ ಪಾಠದ ಪ್ರತಿಗಳೂ ಸಿಕ್ಕಿವೆ, ಮತ್ತು ಅಲ್ಲಿಯ ಯೆರೆಮೀಯನ ಪ್ರತಿಗಳಲ್ಲೆಲ್ಲ ಅತ್ಯಂತ ಹಳೆಯದೆಂದು ಎಣಿಸಲಾದದ್ದು, ಕ್ರಿ.ಪೂ. 200ರ ಆಸುಪಾಸಿನದು, ದೊಡ್ಡ ಪಾಠದ ಕಡೆಗೇ ವಾಲುತ್ತದೆ. ಎರಡು ಪಾಠಗಳನ್ನೂ ಒಂದೇ ಕಡೆ ಇಟ್ಟುಕೊಂಡು ಓದುತ್ತಿದ್ದ ಜನರಿಗೆ ಅದರಿಂದ ತೊಂದರೆಯಾದಂತೆ ಕಾಣುವುದಿಲ್ಲ. ಎಮಾನ್ಯುಯೆಲ್ ತೊವ್ ಮೊದಲಾದವರು ಚಿಕ್ಕ ಪಾಠವನ್ನು ಮೊದಲ ಆವೃತ್ತಿ, ದೊಡ್ಡದನ್ನು ಪರಿಷ್ಕೃತ ಆವೃತ್ತಿ ಎಂದು ಕರೆಯುತ್ತಾರೆ. ನನಗೂ ಅದು ಒಪ್ಪಿಗೆ. ಆದರೆ ಮೊದಲ ಆವೃತ್ತಿ ಎಂದಮಾತ್ರಕ್ಕೆ ಅದು ಪ್ರವಾದಿಯ ಬಾಯಿಂದ ಬಂದ ಮಾತಿನ ಯಥಾವತ್ ದಾಖಲೆಯೆಂದಾಗುವುದಿಲ್ಲ. ಅದನ್ನೂ ಯಾರೋ ಜೋಡಿಸಿದ್ದಾರೆ. ಹಳೆಹಾಳೆಯವರನ್ನು ಕಾಡಿದ ಅರಸರ ಗೊಂದಲ ಗ್ರೀಕಿನಲ್ಲಿಯೂ ಹಾಗೆಯೇ ಉಳಿದಿದೆ.

ತುಂಗಭದ್ರೆ:

ಇಷ್ಟು ದೂರ ಹೋಗುವುದಕ್ಕೆ ಮೊದಲು 36ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂದು ನನ್ನ ವಿನಂತಿ, ಏಕೆಂದರೆ ಈ ಗ್ರಂಥವು ಹೇಗೆ ಹುಟ್ಟಿತೆಂಬುದನ್ನು ಗ್ರಂಥವೇ ಅಲ್ಲಿ ಹೇಳಿಕೊಂಡಿದೆ. ಯೆಹೋಯಾಕೀಮನ ನಾಲ್ಕನೆಯ ವರ್ಷ, ಅಂದರೆ ಕ್ರಿ.ಪೂ. 605ರ ಸುಮಾರಿನಲ್ಲಿ, ದೇವಾಲಯದೊಳಗೆ ಕಾಲಿಡಲಾಗದ ಸ್ಥಿತಿಯಲ್ಲಿದ್ದ ಯೆರೆಮೀಯನು ಹೇಳುತ್ತಾ ಹೋಗುತ್ತಾನೆ, ನೇರೀಯನ ಮಗನಾದ ಬಾರೂಕನು ಸುರುಳಿಯ ಮೇಲೆ ಬರೆಯುತ್ತಾ ಹೋಗುತ್ತಾನೆ. ಮರುವರ್ಷದ ಒಂಬತ್ತನೆಯ ತಿಂಗಳಲ್ಲಿ ಉಪವಾಸಕ್ಕೆಂದು ಜನ ಸೇರಿದಾಗ ಬಾರೂಕನು ಶಾಫಾನನ ಮಗ ಗೆಮರ್ಯನ ಕೊಠಡಿಯಿಂದ ಅದನ್ನು ಓದುತ್ತಾನೆ. ಅಧಿಕಾರಿಗಳು ಅವನನ್ನು ಕರೆಸಿ ಮತ್ತೊಮ್ಮೆ ಓದಿಸಿಕೊಂಡು, ಇದನ್ನೆಲ್ಲ ಹೇಗೆ ಬರೆದೆಯೆಂದು ಕೇಳಿದರೆ, ಬಾರೂಕನು ‘ಅವನು ಹೇಳಿದ, ನಾನು ಮಸಿಯಿಂದ ಬರೆದೆ’ ಎಂದಷ್ಟೇ ಉತ್ತರಿಸುತ್ತಾನೆ. ನೀನೂ ಯೆರೆಮೀಯನೂ ಅಡಗಿಕೊಳ್ಳಿರಿ ಎಂದು ಅವರೇ ಎಚ್ಚರಿಸಿ ಕಳುಹಿಸುತ್ತಾರೆ.

ಮುಂದಿನದು ಅರಮನೆಯಲ್ಲಿ ನಡೆಯುತ್ತದೆ. ಚಳಿಗಾಲ; ಅರಸನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಯೆಹೂದಿ ಎಂಬ ಹೆಸರಿನ ಸೇವಕನು ಮೂರು ನಾಲ್ಕು ಅಂಕಣ ಓದುತ್ತಿದ್ದ ಹಾಗೆಯೇ ಅರಸನು ಲೇಖಕರ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಕೋಪದಿಂದ ಇಡೀ ಸುರುಳಿಯನ್ನು ಒಮ್ಮೆಲೇ ಎಸೆಯುವುದಿಲ್ಲ. ಕೇಳುತ್ತಾನೆ, ಕತ್ತರಿಸುತ್ತಾನೆ, ಮತ್ತೆ ಕೇಳುತ್ತಾನೆ. ಗೆಮರ್ಯನೂ ಇನ್ನಿಬ್ಬರೂ ಬೇಡವೆಂದು ಬೇಡಿಕೊಂಡರೂ ಸುರುಳಿ ಮುಗಿಯುವವರೆಗೆ ಅದು ನಿಲ್ಲುವುದಿಲ್ಲ. ಆಮೇಲೆ ಯೆರೆಮೀಯನು ಬಾರೂಕನಿಂದ ಇನ್ನೊಂದು ಸುರುಳಿಯನ್ನು ಬರೆಸುತ್ತಾನೆ. ಕೊನೆಯ ವಚನವನ್ನು ಗಮನಿಸಿ: ಸುಟ್ಟುಹೋದ ಮಾತುಗಳ ಜೊತೆಗೆ ಅಂಥವೇ ಇನ್ನೂ ಅನೇಕ ಮಾತುಗಳು ಸೇರಿದವು. ಎರಡನೆಯ ಪ್ರತಿಯೇ ಮೊದಲನೆಯದಕ್ಕಿಂತ ದೊಡ್ಡದು, ಮತ್ತು ಅದನ್ನು ದೊಡ್ಡದಾಗಿಸಿದವನು ಪ್ರವಾದಿಯೇ. ಇನ್ನು ‘ಮೂಲ’ ಎಂದು ಯಾವುದನ್ನು ಹುಡುಕುತ್ತೀರಿ? ಅದು ಬೂದಿಯಾಗಿದೆ.

ದಾಸವಾಳ:

ಕಥೆ ಸೊಗಸಾಗಿದೆ, ಆದರೆ ಬಾರೂಕನ ಕಡೆಯವರು ತಮ್ಮ ಸುರುಳಿಗೆ ಮಾನ್ಯತೆ ಬರಲೆಂದು ಕಟ್ಟಿದ್ದೂ ಆಗಿರಬಹುದಲ್ಲವೇ? ಇದೇ ಅರಸನ ತಂದೆಯಾದ ಯೋಷೀಯನ ಕಾಲದಲ್ಲಿ ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರವನ್ನು ಲೇಖಕನಾದ ಶಾಫಾನನು ಓದಿದಾಗ ಅರಸನು ಬಟ್ಟೆ ಹರಿದುಕೊಂಡನು. ಇಲ್ಲಿ ಮಗನು ಬಟ್ಟೆಯ ಬದಲು ಸುರುಳಿಯನ್ನೇ ಹರಿಯುತ್ತಾನೆ. ಇಷ್ಟು ಅಚ್ಚುಕಟ್ಟಾಗಿ ಎದುರುಬದುರು ನಿಲ್ಲುವ ಎರಡು ದೃಶ್ಯಗಳನ್ನು ಕಂಡಾಗ ನನಗೆ ಅನುಮಾನ ಬರುತ್ತದೆ.

ಶಾಸನಪ್ರಿಯ:

ಅನುಮಾನ ಸಹಜ, ಜೋಡಣೆಯಲ್ಲಿ ಕಲೆ ಇದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಜನರು ಕಟ್ಟುಕಥೆಯವರಲ್ಲ. 1982ರಲ್ಲಿ ಯಿಗಾಲ್ ಶಿಲೋ ಅವರು ಜೆರುಸಲೇಮಿನ ‘ದಾವೀದನ ನಗರ’ ಎಂಬ ಭಾಗದಲ್ಲಿ ಉತ್ಖನನ ನಡೆಸುತ್ತಿದ್ದಾಗ, ಬಾಬಿಲೋನಿನವರ ದಾಳಿಯಲ್ಲಿ ಸುಟ್ಟುಹೋದ ಮನೆಯೊಂದರಲ್ಲಿ 51 ಮಣ್ಣಿನ ಮುದ್ರೆಗಳು ಸಿಕ್ಕಿದವು. ಪತ್ರವನ್ನು ಸುತ್ತಿ ದಾರ ಕಟ್ಟಿ ಆ ಗಂಟಿನ ಮೇಲೆ ಒತ್ತುತ್ತಿದ್ದ ಹಸಿಮಣ್ಣಿನ ಉಂಡೆಗಳವು. ಪತ್ರಗಳೆಲ್ಲ ಬೆಂಕಿಗೆ ಆಹುತಿಯಾದವು. ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾದದ್ದರಿಂದ ಮುದ್ರೆಗಳು ಉಳಿದುಕೊಂಡವು. ಅವುಗಳಲ್ಲೊಂದರ ಮೇಲೆ ಶಾಫಾನನ ಮಗ ಗೆಮರ್ಯನ ಹೆಸರಿದೆ.

ಇನ್ನೊಂದು, ಉಪವಾಸದ ದಿನ ಏಕೆ ಗೊತ್ತಾಯಿತೆಂದು 36ನೆಯ ಅಧ್ಯಾಯ ಹೇಳುವುದಿಲ್ಲ. ಬಾಬಿಲೋನಿನ ವೃತ್ತಾಂತ ಫಲಕವು ಅಲ್ಲಿನ ಅರಸ ನೆಬೂಕದ್ನೆಚ್ಚರನು ಕ್ರಿ.ಪೂ. 604ರ ಕಿಸ್ಲೇವ್ ತಿಂಗಳಲ್ಲಿ ಅಷ್ಕೆಲೋನನ್ನು ಹಿಡಿದು ಹಾಳುಮಾಡಿದನೆಂದು ದಾಖಲಿಸಿದೆ. ಕಿಸ್ಲೇವ್ ಎಂದರೆ ಒಂಬತ್ತನೆಯ ತಿಂಗಳೇ. ಪಕ್ಕದ ಕರಾವಳಿಯ ಪಟ್ಟಣ ಉರಿಯುತ್ತಿದ್ದಾಗ ಯೆರೂಸಲೇಮಿನವರು ಉಪವಾಸಕ್ಕೆ ಸೇರಿದ್ದು ಕಾಕತಾಳೀಯವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಡಲತಡಿಯ ಓದುಗ:

ಬಾರೂಕನ ಮುದ್ರೆಯೂ ಸಿಕ್ಕಿದೆ, ಅದರ ಅಂಚಿನಲ್ಲಿ ಅವನ ಬೆರಳಚ್ಚು ಕೂಡ ಇದೆ ಎಂದು ಒಂದು ಪ್ರವಚನದಲ್ಲಿ ಕೇಳಿದ್ದೆ. ಅದನ್ನೇಕೆ ಬಿಟ್ಟಿರಿ?

ಶಾಸನಪ್ರಿಯ:

ಬೇಕೆಂದೇ ಬಿಟ್ಟೆ. ಆ ಮುದ್ರೆಗಳು ಉತ್ಖನನದಲ್ಲಿ ಸಿಕ್ಕವಲ್ಲ, ಪ್ರಾಚ್ಯವಸ್ತುಗಳ ಮಾರುಕಟ್ಟೆಯಿಂದ ಬಂದವು. 2014ರಲ್ಲಿ ಯುವಾಲ್ ಗೋರೆನ್ ಮತ್ತು ಎರಾನ್ ಆರಿಯೆ ಅವನ್ನು ಪರೀಕ್ಷಿಸಿ ಆಧುನಿಕ ನಕಲಿಗಳೆಂದು ಪ್ರಕಟಿಸಿದರು. ನೆಲದೊಳಗೆ ಯಾವ ಪದರದಲ್ಲಿ ಸಿಕ್ಕಿತೆಂಬುದು ಗೊತ್ತಿರುವ ವಸ್ತುವಿಗೂ ಅಂಗಡಿಯಲ್ಲಿ ಕೊಂಡ ವಸ್ತುವಿಗೂ ಇರುವ ಅಂತರವನ್ನು ಪ್ರವಚನಕಾರರು ಸ್ವಲ್ಪ ಗಮನಿಸಿದರೆ ಒಳ್ಳೆಯದು.

ಬೆಂಕಿಕಡ್ಡಿ:

ಮುದ್ರೆ ಅಸಲಿಯೋ ನಕಲಿಯೋ, ಒಂದು ಮಾತನ್ನು ಯಾರೂ ಹೇಳುತ್ತಿಲ್ಲ. ಪಟ್ಟಣಕ್ಕೆ ಶತ್ರುಗಳು ಮುತ್ತಿಗೆ ಹಾಕಿರುವಾಗ, ಊರೊಳಗಿದ್ದರೆ ಸಾಯುವಿರಿ, ಹೊರಗೆ ಹೋಗಿ ಶರಣಾದರೆ ಬದುಕುವಿರಿ ಎಂದು ಸಾರುತ್ತಾ ತಿರುಗಿದವನನ್ನು ಯಾವ ದೇಶವಾದರೂ ಏನೆಂದು ಕರೆಯುತ್ತದೆ? ಅಧಿಕಾರಿಗಳು ಅವನನ್ನು ಬಾವಿಗೆ ಇಳಿಸಿದ್ದರಲ್ಲಿ ಆಶ್ಚರ್ಯವೇನಿದೆ? ಈ ಗ್ರಂಥ ಗೆದ್ದವರ ಕಡೆಯ ಬರಹ. ದೊಡ್ಡ ಪಾಠವಾಗಲಿ ಚಿಕ್ಕ ಪಾಠವಾಗಲಿ, ಅದನ್ನು ಕಾಪಾಡಿದವರು ಬಾಬಿಲೋನಿನ ಪಕ್ಷದವರು.

ಶಾಸನಪ್ರಿಯ:

ಆ ಆರೋಪ ಅಂದು ನಿಜವಾಗಿಯೂ ಕೇಳಿಬರುತ್ತಿದ್ದ ಮಾತು ಎಂಬುದಕ್ಕೆ ಗ್ರಂಥದ ಹೊರಗೂ ಸಾಕ್ಷ್ಯವಿದೆ. 1935ರಲ್ಲಿ ಜೆ.ಎಲ್. ಸ್ಟಾರ್ಕಿ ಅವರು ಲಾಕೀಷಿನ ಕೋಟೆಬಾಗಿಲಿನ ಸುಟ್ಟ ಪದರದಲ್ಲಿ ಮಡಕೆಚೂರುಗಳ ಮೇಲೆ ಮಸಿಯಿಂದ ಬರೆದ ಪತ್ರಗಳನ್ನು ಕಂಡುಹಿಡಿದರು. ಅಜೇಕದ ಸಂಕೇತಗಳು ಕಾಣಿಸುತ್ತಿಲ್ಲ, ಲಾಕೀಷಿನ ಸಂಕೇತಗಳನ್ನು ನೋಡುತ್ತಿದ್ದೇವೆ ಎಂದು ಒಬ್ಬ ದಳಪತಿ ಒಂದರಲ್ಲಿ ಬರೆದಿದ್ದಾನೆ. ಯೆರೆಮೀಯ 34ರಲ್ಲಿ ಕೊನೆಗೆ ಉಳಿದ ಕೋಟೆಗಳೆಂದು ಹೇಳಿರುವುದು ಇವೆರಡನ್ನೇ. ಇನ್ನೊಂದು ಪತ್ರದಲ್ಲಿ ಅಧಿಕಾರಿಗಳ ಮಾತುಗಳು ಜನರ ಕೈಗಳನ್ನು ಬಲಹೀನಗೊಳಿಸುತ್ತಿವೆ ಎಂಬ ದೂರಿದೆ. 38ನೆಯ ಅಧ್ಯಾಯದಲ್ಲಿ ಯೆರೆಮೀಯನ ಮೇಲೆ ಹೊರಿಸಿದ ಆರೋಪವೂ ಅದೇ. ಅಂದಮೇಲೆ ದಣಿದ ಪಟ್ಟಣದಲ್ಲಿ ಶರಣಾಗತಿಯ ಮಾತನ್ನಾಡಿದವನು ಅವನೊಬ್ಬನೇ ಅಲ್ಲ.

ತುಂಗಭದ್ರೆ:

ಬೆಂಕಿಕಡ್ಡಿಯವರೇ, ದ್ರೋಹಿಯಾಗಿದ್ದರೆ ಬಾಬಿಲೋನಿನ ಸೇನಾಪತಿ ನೆಬೂಜರದಾನನು ತನ್ನೊಡನೆ ಬಾ, ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದಾಗ ಹೋಗಬೇಕಿತ್ತು. ಅವನು ಹಾಳಾದ ನಾಡಿನಲ್ಲಿ ಉಳಿದ ಬಡವರ ಜೊತೆ ಮಿಚ್ಪದಲ್ಲಿ ನಿಂತನು. ಅದಕ್ಕೆ ಮೊದಲು, ಮುತ್ತಿಗೆ ಬಿಗಿಯಾಗಿದ್ದಾಗ, ಸೆರೆಮನೆಯ ಅಂಗಳದಲ್ಲಿ ಕುಳಿತೇ ಅನಾತೋತಿನಲ್ಲಿದ್ದ ಸೋದರಸಂಬಂಧಿಯ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡನು. ಮುಚ್ಚಿ ಮುದ್ರೆ ಹಾಕಿದ ಕ್ರಯಪತ್ರ ಒಂದು, ತೆರೆದದ್ದು ಒಂದು. ಬಹುಕಾಲ ಉಳಿಯಲೆಂದು ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಶತ್ರುಗಳ ಕೈಸೇರಲಿರುವ ಹೊಲಕ್ಕೆ ಹಣ ಸುರಿಯುವವನನ್ನು ದಡ್ಡನೆಂದು ಬೇಕಾದರೆ ಕರೆಯಿರಿ.

ಬಾವಿಯ ವಿಷಯವನ್ನೂ ಪೂರ್ತಿ ಹೇಳಬೇಕು. ನೀರಿಲ್ಲದ ಬಾವಿಯ ಕೆಸರಿನಲ್ಲಿ ಹೂತುಹೋಗಿದ್ದ ಅವನನ್ನು ಮೇಲೆತ್ತಿಸಿದವನು ಎಬೆದ್ಮೆಲೆಕನೆಂಬ ಕೂಷ್ ದೇಶದವನು, ಪರದೇಶಿ. ಹಗ್ಗವನ್ನಿಳಿಸುವ ಮೊದಲು ಅರಮನೆಯ ಉಗ್ರಾಣದಿಂದ ಹಳೆಯ ಚಿಂದಿಬಟ್ಟೆಗಳನ್ನು ತಂದು ಕೆಳಗಿಳಿಸಿ, ಕಂಕುಳಿಗೆ ಹಗ್ಗ ಕೊರೆಯದಂತೆ ಇವುಗಳನ್ನು ಇಟ್ಟುಕೋ ಎಂದು ಹೇಳಿದನು. ಇಂತಹ ವಿವರವನ್ನು ಪಕ್ಷಪ್ರಚಾರಕ್ಕೆಂದು ಯಾರು ಬರೆಯುತ್ತಾರೆ?

ಬೆಂಕಿಕಡ್ಡಿ:

ಚಿಂದಿಬಟ್ಟೆ ನಿಜವಿರಬಹುದು. ಸೆರೆಹೋದವರಿಗೆ ಅವನು ಬರೆದ ಪತ್ರವೂ ನಿಜವೇ: ಬಾಬಿಲೋನಿನಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬುದು. ಅದು ಯಾರಿಗೆ ಅನುಕೂಲವಾದ ಉಪದೇಶ ಎಂದು ನೀವೇ ಹೇಳಿ.

ನಿವೃತ್ತ ಉಪನ್ಯಾಸಕ:

ಸೆರೆಹೋದವರಿಗೇ ಅನುಕೂಲವಾಯಿತು. ಬಾಬಿಲೋನ್ ನಾಡಿನ ‘ಅಲ್-ಯಾಹೂದು’ ಎಂಬ ವಸಾಹತಿಗೆ ಸಂಬಂಧಿಸಿದ ಜೇಡಿಮಣ್ಣಿನ ಫಲಕಗಳು 2014ರಲ್ಲಿ ಪ್ರಕಟವಾದವು. ಅವುಗಳಲ್ಲಿ ಹಳೆಯದು ಕ್ರಿ.ಪೂ. 572ರದು. ಯೆಹೂದದಿಂದ ಒಯ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಹೊಲ ಸಾಗುವಳಿ ಮಾಡಿ, ತೆರಿಗೆ ಕಟ್ಟಿ, ಸಾಲ ಪಡೆದು, ಯೆಹೋವನ ಹೆಸರನ್ನೊಳಗೊಂಡ ಹೆಸರುಗಳನ್ನು ಮಕ್ಕಳಿಗಿಟ್ಟು ಬಾಳಿದ್ದು ಅವುಗಳಿಂದ ತಿಳಿಯುತ್ತದೆ. ಎರಡೇ ವರ್ಷಗಳಲ್ಲಿ ಎಲ್ಲರೂ ಮರಳಿ ಬರುವರೆಂದು ಹೇಳಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಮುರಿದ ಹನನ್ಯನ ಮಾತನ್ನು ಅವರು ನಂಬಿ ಕುಳಿತಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಜೊತೆಗೆ ಇದೇ ಗ್ರಂಥದ 51ನೆಯ ಅಧ್ಯಾಯದ ಕೊನೆಯನ್ನೂ ನೋಡಿ. ಚಿದ್ಕೀಯನ ನಾಲ್ಕನೆಯ ವರ್ಷದಲ್ಲಿ ಬಾರೂಕನ ಸಹೋದರ ಸೆರಾಯನು ಬಾಬಿಲೋನಿಗೆ ಹೊರಟಾಗ, ಆ ಪಟ್ಟಣಕ್ಕೆ ಬರಲಿರುವ ಕೇಡನ್ನೆಲ್ಲ ಬರೆದ ಸುರುಳಿಯನ್ನು ಯೆರೆಮೀಯನು ಅವನ ಕೈಗಿತ್ತು, ಓದಿ ಮುಗಿಸಿದ ಮೇಲೆ ಕಲ್ಲು ಕಟ್ಟಿ ಯೂಫ್ರೆಟಿಸ್ ನದಿಯ ನಡುವೆ ಎಸೆಯೆಂದು ಹೇಳುತ್ತಾನೆ. ಬಾಬಿಲೋನಿನ ಪಕ್ಷದವರು ಕಾಪಾಡಿಕೊಳ್ಳಲು ಇಷ್ಟಪಡುವ ಬರಹ ಇದಲ್ಲ.

ವೇದಿಕೆಯ ನಿರ್ವಾಹಕ:

ವಾದ ಬಿಸಿಯೇರಿದರೂ ಭಾಷೆ ಸಭ್ಯವಾಗಿದೆ, ಸಂತೋಷ. ಮೊದಲ ಪ್ರಶ್ನೆ ಪಾಠಗಳ ಕುರಿತದ್ದು ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ದಾಸವಾಳ:

ಆ ಪ್ರಶ್ನೆಗೇ ಬರುತ್ತೇನೆ. ನಮ್ಮಲ್ಲಿ ಶೂನ್ಯಸಂಪಾದನೆ ನಾಲ್ಕು ಕೈಗಳಲ್ಲಿ ನಾಲ್ಕು ಪರಿಷ್ಕರಣ ಕಂಡಿತು. ಮೊದಲನೆಯದೊಂದೇ ಸಾಚಾ, ಉಳಿದ ಮೂರು ಕಲಬೆರಕೆ ಎಂದು ನಾವು ಬದಿಗಿಡುವುದಿಲ್ಲ. ಯೆರೆಮೀಯನ ಗ್ರಂಥವನ್ನೂ ಹಾಗೆ ನೋಡಬಾರದೇಕೆ?

ನಿವೃತ್ತ ಉಪನ್ಯಾಸಕ:

ಹೋಲಿಕೆ ಸ್ವಲ್ಪ ದೂರ ಮಾತ್ರ ಬರುತ್ತದೆ. ಅಲ್ಲಿ ಸಂಪಾದಕರ ಹೆಸರುಗಳು ನಮಗೆ ಗೊತ್ತು. ಇಲ್ಲಿ ಪರಿಷ್ಕರಿಸಿದವರು ತಮ್ಮ ಹೆಸರು ಹೇಳದೆ ಎಲ್ಲವನ್ನೂ ಯೆರೆಮೀಯನ ಬಾಯಲ್ಲಿ ಇಟ್ಟಿದ್ದಾರೆ. 1901ರಲ್ಲಿ ಬರ್ನ್‌ಹಾರ್ಡ್ ಡೂಮ್ ಅವರು ಪದ್ಯಭಾಗ ಪ್ರವಾದಿಯದು, ಚರಿತ್ರೆಯ ಭಾಗ ಬಾರೂಕನದು, ಉಪದೇಶದ ಗದ್ಯ ಬಳಿಕದವರದು ಎಂದು ಹಂಚಿಕೊಟ್ಟರು. ಅಲ್ಲಿಂದೀಚೆಗೆ ಆ ಹಂಚಿಕೆಯ ಗಡಿಗಳ ಬಗ್ಗೆ ಜಗಳ ನಿಂತಿಲ್ಲ. ಒಂದಂತೂ ಸ್ಪಷ್ಟ. 51ನೆಯ ಅಧ್ಯಾಯವು ಯೆರೆಮೀಯನ ಮಾತುಗಳು ಇಲ್ಲಿಗೆ ಮುಗಿದವೆಂದು ಹೇಳಿ ನಿಲ್ಲುತ್ತದೆ. ಮುಂದಿನ 52ನೆಯದು ಎರಡನೆಯ ಅರಸುಗಳ ಗ್ರಂಥದ ಕೊನೆಯ ಭಾಗದಿಂದ ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಂಡದ್ದು. ವಿಚಿತ್ರವೆಂದರೆ ಆ ಅರಸುಗಳ ಗ್ರಂಥದಲ್ಲಿ ಯೆರೆಮೀಯನ ಹೆಸರೇ ಬರುವುದಿಲ್ಲ.

ಹಳೆಹಾಳೆ:

ಎಲ್ಲರಿಗೂ ಕೃತಜ್ಞತೆಗಳು. ಉಪನ್ಯಾಸಕರು 52ನ್ನು ಪ್ರಸ್ತಾಪಿಸಿದ್ದರಿಂದ ಕೇಳುತ್ತೇನೆ. ಅದರ 28ರಿಂದ 30ರವರೆಗಿನ ವಚನಗಳಲ್ಲಿ ಸೆರೆಹೋದವರ ಸಂಖ್ಯೆ 3,023, 832, 745, ಒಟ್ಟು 4,600 ಎಂದಿದೆ. ಎರಡನೆಯ ಅರಸುಗಳಲ್ಲಿ ಮೊದಲ ಸೆರೆಯಲ್ಲಿಯೇ ಹತ್ತು ಸಾವಿರ ಮಂದಿ ಹೋದರೆಂದಿದೆ. ಈ ಮೂರು ವಚನಗಳು ಗ್ರೀಕ್ ಪಾಠದಲ್ಲಿ ಇಲ್ಲ, ಅರಸುಗಳಲ್ಲಿಯೂ ಇಲ್ಲ. ಇದಂತೂ ಬಳಿಕ ಸೇರಿಸಿದ್ದೇ. ಇದನ್ನಾದರೂ ಬಿಡಬಹುದಲ್ಲವೇ?

ಶಾಸನಪ್ರಿಯ:

ಬಿಡಲೇಬಾರದ ವಚನಗಳನ್ನೇ ಆರಿಸಿಕೊಂಡಿದ್ದೀರಿ. ಮೊದಲ ಸೆರೆಯು ಅರಸುಗಳ ಗ್ರಂಥದ ಪ್ರಕಾರ ನೆಬೂಕದ್ನೆಚ್ಚರನ ಎಂಟನೆಯ ವರ್ಷದಲ್ಲಾಯಿತು. ಈ ಮೂರು ವಚನಗಳ ಪ್ರಕಾರ ಏಳನೆಯ ವರ್ಷದಲ್ಲಿ. ಪಟ್ಟಣ ಸುಟ್ಟದ್ದು ಅದೇ 52ನೆಯ ಅಧ್ಯಾಯದ 12ನೆಯ ವಚನದಲ್ಲಿ ಹತ್ತೊಂಬತ್ತನೆಯ ವರ್ಷ. ಆದರೆ 29ನೆಯ ವಚನದ ಎರಡನೆಯ ಸೆರೆಯ ಲೆಕ್ಕ ಹದಿನೆಂಟನೆಯ ವರ್ಷಕ್ಕೆ ಸೇರುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, 1956ರಲ್ಲಿ ಡಿ.ಜೆ. ವೈಸ್‌ಮನ್ ಅವರು ಪ್ರಕಟಿಸಿದ ಬಾಬಿಲೋನಿನ ವೃತ್ತಾಂತವು ಯೆಹೂದದ ಪಟ್ಟಣವನ್ನು ಹಿಡಿದದ್ದು ಅರಸನ ಏಳನೆಯ ವರ್ಷದ ಅದಾರ್ ತಿಂಗಳ ಎರಡನೆಯ ದಿನ, ನಮ್ಮ ಲೆಕ್ಕದಲ್ಲಿ ಕ್ರಿ.ಪೂ. 597ರ ಮಾರ್ಚ್ 16, ಎಂದು ಹೇಳುತ್ತದೆ. ಅಂದರೆ ಈ ಮೂರು ವಚನಗಳು ವರ್ಷ ಎಣಿಸುವುದು ಬಾಬಿಲೋನಿನವರು ಎಣಿಸುತ್ತಿದ್ದಂತೆ. ಯಾವುದೋ ಸೆರೆಯವರ ಪಟ್ಟಿ, ಬಹುಶಃ ಬಾಬಿಲೋನಿನಲ್ಲೇ ಉಳಿದಿದ್ದದ್ದು, ಗ್ರಂಥದ ದೊಡ್ಡ ಪಾಠವನ್ನು ಸಿದ್ಧಪಡಿಸಿದವರ ಕೈಗೆ ಸಿಕ್ಕಿದೆ. ಗ್ರಂಥಕ್ಕೆ ತಡವಾಗಿ ಸೇರಿದ್ದು ಇದೇ ಭಾಗ. ಇಡೀ ಅಧ್ಯಾಯದಲ್ಲಿ ಘಟನೆಗೆ ಅತ್ಯಂತ ಹತ್ತಿರದ ದಾಖಲೆಯಾಗಿ ಕಾಣುವುದೂ ಇದೇ.

ಬೆಂಕಿಕಡ್ಡಿ:

ಹತ್ತು ಸಾವಿರ ಎಂಬ ದುಂಡು ಸಂಖ್ಯೆಗಿಂತ 3,023ನ್ನು ನಾನೂ ಹೆಚ್ಚು ನಂಬುತ್ತೇನೆ. ಆದರೆ ಆ ಪಟ್ಟಿಯನ್ನು ಬರೆದಿಟ್ಟ ಗುಮಾಸ್ತ ಬಾಬಿಲೋನಿನವನೇ ಎಂಬುದನ್ನು ದಯವಿಟ್ಟು ಗಮನಿಸಿ.